ರಾಜನ ದವಡೆ ಗಂಟು ನಿಮ್ಮ ತಪ್ಪಲ್ಲ ತಾತ

ಉಪ್ಸಾಲ, ಸ್ವೀಡನ್, ಡಿಸೆಂಬರ್

ತಾತನಿಗೆ ನಮಸ್ಕಾರ. ಪುಟ್ಟಿ, ಇದನ್ನ ನಿಧಾನವಾಗಿ ಓದಿ ಹೇಳು, ನಡುನಡುವೆ ಹಾರಿಸಬೇಡ.

ಇಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಹೋದ ವಾರ ಫೋನಿನಲ್ಲಿ ನೀವು "ಅಷ್ಟು ದೂರ ಹೋಗಿ ಕುದುರೆ ಗೊಣ್ಣೆ ನೋಡ್ತಿದೀಯಾ" ಅಂತ ನಕ್ಕಿರಿ. ಹೌದು, ಅದೇ ಕೆಲಸ. ಆದರೆ ಆಮೇಲೆ ನಿಮ್ಮ ಜಟಕಾ ಕುದುರೆ ರಾಜನ ಮಾತು ತೆಗೆದಿರಿ ನೋಡಿ, ಮಳೇಲಿ ನೆನೆದ ಹುಲ್ಲು ಹಾಕಿದ್ದಕ್ಕೇ ಅವನಿಗೆ ಗಂಟು ಬಂತು, ನನ್ನ ಕೈಯಾರೆ ಮಾಡಿದೆ ಅಂತ, ಅದು ನನ್ನನ್ನ ಕೊರೆಯುತ್ತಲೇ ಇದೆ.

ಜ್ವರ, ಹಳದಿ ಗೊಣ್ಣೆ, ಮೇವು ನುಂಗಲಾಗದೆ ಕತ್ತು ಚಾಚಿ ನಿಲ್ಲೋದು, ದವಡೆ ಕೆಳಗೆ ಗಂಟು ಒಡೆದು ಕೀವು ಸುರಿಯೋದು. ಇಲ್ಲಿ ಇದನ್ನ ಸ್ಟ್ರ್ಯಾಂಗಲ್ಸ್ ಅಂತಾರೆ. ಹುಲ್ಲಿನಿಂದ ಬರೋದಲ್ಲ ತಾತ. ಸ್ಟ್ರೆಪ್ಟೊಕಾಕಸ್ ಈಕ್ವಿ ಅನ್ನೋ ಬ್ಯಾಕ್ಟೀರಿಯಾ ತರುತ್ತದೆ.

ಗದ್ದೆ ಬದುವಿನಲ್ಲಿ ನಡೆದು ಬಂದರೆ ಪಂಚೆಗೆ ಉತ್ತರಾಣಿ ಅಂಟಿಕೊಳ್ಳುತ್ತದಲ್ಲ, ಹಾಗೆ ಇದರ ಮೈಮೇಲೂ ಅಂಟೋ ಪ್ರೋಟೀನ್‌ಗಳಿವೆ. ಸಿಎನ್‌ಇ ಅನ್ನೋದು ಕೊಲಾಜನ್ ಹಿಡಿಯುತ್ತದೆ, ಅಂದರೆ ಚರ್ಮ ಮಾಂಸವನ್ನೆಲ್ಲ ಕಟ್ಟಿಡೋ ನಾರು. ಎಸ್‌ಇಎಂ ಇನ್ನೂ ಖದೀಮ. ಗಾಯ ಆದಾಗ ರಕ್ತ ಹೆಪ್ಪುಗಟ್ಟಿಸೋ ಫೈಬ್ರಿನೋಜನ್ ಇದೆಯಲ್ಲ, ಕುದುರೆಯ ಆ ಪ್ರೋಟೀನನ್ನೇ ಹಿಡಿದು ಮೈತುಂಬ ಹೊದ್ದುಕೊಳ್ಳುತ್ತದೆ. ಆಗ 'ಇದು ಹೊರಗಿನದು' ಅನ್ನೋ ಗುರುತು ಅದರ ಮೇಲೆ ಸರಿಯಾಗಿ ಬೀಳೋದಿಲ್ಲ, ಬಿಳಿ ರಕ್ತಕಣಗಳು ಬಂದರೂ ನುಂಗೋಕೆ ಆಗೋದಿಲ್ಲ. ಮನೆಯವರದೇ ಟವೆಲ್ ಹೊದ್ದು ಹಜಾರದಲ್ಲಿ ಕೂತ ಕಳ್ಳ ಅನ್ನಿ. ಕಣಗಳು ದಂಡುದಂಡಾಗಿ ಬಂದು ಅಲ್ಲೇ ಸಾಯುತ್ತವೆ. ನೀವು ಒರೆಸಿದ ಕೀವು ಅದೇ.

ನನಗೆ ಮಜಾ ಅನ್ನಿಸೋದು ಇನ್ನೊಂದು. ಇದಕ್ಕೆ ಅಕ್ಕನಂಥ ಒಂದು ಬ್ಯಾಕ್ಟೀರಿಯಾ ಇದೆ, ಎಷ್ಟೋ ಕುದುರೆಗಳ ಗಂಟಲಲ್ಲಿ ಸುಮ್ನೆ ಇರುತ್ತದೆ. ಅದರ ಮೈಮೇಲೆ ಫೈಬ್ರೊನೆಕ್ಟಿನ್, ಅಂದರೆ ಜೀವಕೋಶಗಳನ್ನ ಅಂಟಿಸಿಡೋ ಅಂಟಿನಂಥದ್ದು, ಅದನ್ನ ಹಿಡಿಯೋ ಪ್ರೋಟೀನ್ ಗಟ್ಟಿಯಾಗಿ ಊರಿಕೊಂಡಿದೆ. ತಂಗಿಯ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿ, ಅದೇ ಪ್ರೋಟೀನ್ ಅರ್ಧಕ್ಕೇ ನಿಂತು, ಬುಡವಿಲ್ಲದೆ ಹೊರಗೆ ತೇಲಿಹೋಗುತ್ತದೆ. ಹಾಗಿದ್ದೂ ಜಾಸ್ತಿ ಕಾಡೋದು ತಂಗಿಯೇ.

ಲ್ಯಾಬಿನಲ್ಲಿ ನಾನು ಮಾಡೋದು ಇಷ್ಟೇ. ಇಡ್ಲಿ ತಟ್ಟೆಯಂತೆ 96 ಗುಳಿಗಳಿರೋ ಪ್ಲಾಸ್ಟಿಕ್ ತಟ್ಟೆ. ಗುಳಿಗೆ ಫೈಬ್ರಿನೋಜನ್ ಸವರಿ, ಬ್ಯಾಕ್ಟೀರಿಯಾ ಹಾಕಿ, ಮೂರು ಸಲ ತೊಳೆದು, ತೊಳೆದರೂ ಬಿಡದೆ ಕೂತದ್ದೆಷ್ಟು ಅಂತ ನೋಡೋದು. ಮೊನ್ನೆ ತೊಳೆಯೋ ಭರದಲ್ಲಿ ತಟ್ಟೆಯನ್ನೇ ಬೀಳಿಸಿದೆ, ಎರಡು ದಿನದ ಕೆಲಸ ನೆಲದ ಪಾಲು.

ಇಂಥ ಪ್ರೋಟೀನ್ ತುಣುಕುಗಳಿಂದಲೇ ಮಾಡಿದ ಲಸಿಕೆ ಒಂದಿದೆ, ಸ್ಟ್ರ್ಯಾಂಗ್‌ವ್ಯಾಕ್ ಅಂತ. ಜೀವಂತ ಬ್ಯಾಕ್ಟೀರಿಯಾ ಇಲ್ಲ. ಯುರೋಪಿನಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ರಾಜನ ಕಾಲಕ್ಕೆ ಎಲ್ಲಿತ್ತು ಬಿಡಿ.

ಈಗ ಮುಖ್ಯ ವಿಷಯ. ಸ್ಟ್ಯಾಂಡಿನಲ್ಲಿ ಯಾವ ಕುದುರೆಗೂ ಕಾಯಿಲೆ ಇರಲಿಲ್ಲ, ಹಾಗಾಗಿ ತಪ್ಪು ನಂದೇ ಅಂದಿರಲ್ಲ? ವಾಸಿಯಾದ ಕೆಲವು ಕುದುರೆಗಳ ಗಂಟಲ ಹಿಂದಿನ ಗಾಳಿಚೀಲದಲ್ಲಿ ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದಿರುತ್ತದೆ. ನೋಡೋಕೆ ಕುದುರೆ ಗಟ್ಟಿಮುಟ್ಟು. ಒಂದೇ ತೊಟ್ಟಿಯಲ್ಲಿ ನೀರು ಕುಡಿದರೂ ಸಾಕು, ಪಕ್ಕದ್ದಕ್ಕೆ ಹತ್ತಬಹುದು. ದೊಡ್ಡ ಗಡಿಯಾರದ ಹತ್ತಿರ ಎಲ್ಲ ಜಟಕಾ ಕುದುರೆಗೂ ಒಂದೇ ತೊಟ್ಟಿ ಅಂತ ನೀವೇ ಹೇಳಿದ್ದಿರಿ, ಅಲ್ವಾ?

ರಾಜನ ಪಕ್ಕ ಒಂದು ಬಿಳಿ ಕುದುರೆ ನಿಲ್ಲುತ್ತಿತ್ತು ಅಂದಿರಲ್ಲ, ಅದಕ್ಕೆ ಮುಂಚೆ ಯಾವಾಗಲಾದರೂ ದವಡೆ ಊದಿತ್ತಾ? ನೆನಪು ಮಾಡಿಕೊಂಡು ಭಾನುವಾರ ಫೋನಿನಲ್ಲಿ ಹೇಳಿ.

ನಿಮ್ಮ ಮೊಮ್ಮಗ