ದಸರೆಗೆ ಮುನ್ನ ಕ್ಷಯದ ಪರೀಕ್ಷೆ: ಆನೆಗೂ, ಕಾವಾಡಿಗೂ

ಮಾನ್ಯ ಸಂಪಾದಕರೇ,

ದಸರೆ ಹತ್ತಿರವಾದಂತೆ ಎಲ್ಲ ಪತ್ರಿಕೆಗಳಲ್ಲಿಯೂ ಆನೆಗಳ ತೂಕದ ಪಟ್ಟಿ ಬರುತ್ತದೆ. ಯಾವ ಆನೆ ಎಷ್ಟು ಕಿಲೋ, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ, ಅರಮನೆ ಅಂಗಳದಲ್ಲಿ ಕುಸುರೆ ಎಂಬ ವಿಶೇಷ ಮೇವು ತಿಂದು ಎಷ್ಟು ಮೈ ತುಂಬಿಕೊಂಡಿತು ಎಂಬುದನ್ನು ಜನ ಆಸೆಯಿಂದ ಓದುತ್ತಾರೆ. ನಾನೂ ಓದುತ್ತೇನೆ. ಓದಿ ಮುಗಿಸಿದ ಮೇಲೆ ಪ್ರತಿ ವರ್ಷವೂ ನನಗೆ ಏಳುವ ಪ್ರಶ್ನೆ ಬೇರೆ: ಇವುಗಳಿಗೆ ಕ್ಷಯದ ಪರೀಕ್ಷೆ ಆಗಿದೆಯೇ? ಆಗಿದ್ದರೆ ಫಲಿತಾಂಶವೆಲ್ಲಿ?

ಈ ಪ್ರಶ್ನೆ ನನ್ನ ವೃತ್ತಿಯಿಂದ ಬಂದದ್ದು. ನಾಗರಹೊಳೆ ಕಾಡಿನ ಅಂಚಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಪ್ರಯೋಗಾಲಯ ತಂತ್ರಜ್ಞೆಯಾಗಿದ್ದು ನಿವೃತ್ತಳಾದವಳು ನಾನು. ಕಫವನ್ನು ಗಾಜಿನ ಮೇಲೆ ಹಚ್ಚಿ, ಕಾಯಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೀಲಿ ಹಿನ್ನೆಲೆಯ ನಡುವೆ ಕೆಂಪು ಕಡ್ಡಿಗಳಂತೆ ಕಾಣುವ ಕ್ಷಯದ ಬ್ಯಾಕ್ಟೀರಿಯಾಗಳನ್ನು ಎಣಿಸುವುದರಲ್ಲಿಯೇ ನನ್ನ ನೌಕರಿಯ ಬಹುಭಾಗ ಕಳೆಯಿತು. ಆ ಕೆಂಪು ಕಡ್ಡಿಗೆ ಮನುಷ್ಯನ ಶ್ವಾಸಕೋಶ, ಆನೆಯ ಶ್ವಾಸಕೋಶ ಎಂಬ ಭೇದವಿಲ್ಲ.

ಬಲರಾಮನನ್ನು ಓದುಗರು ಮರೆತಿರಲಾರರು. ಹದಿನಾಲ್ಕು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ. ಅದು 2023ರ ಮೇ ತಿಂಗಳಲ್ಲಿ ಹುಣಸೂರು ಬಳಿಯ ಭೀಮನಕಟ್ಟೆ ಶಿಬಿರದಲ್ಲಿ ತೀರಿಕೊಂಡಾಗ, ಕ್ಷಯದಿಂದ ಬಳಲುತ್ತಿತ್ತು ಎಂದು ಅರಣ್ಯ ಇಲಾಖೆಯವರು ಹೇಳಿದ್ದಾಗಿ ಪತ್ರಿಕೆಗಳು ಬರೆದವು. ಹೂಮಾಲೆ, ಅಂತಿಮ ನಮನ, ಹಳೆಯ ಚಿತ್ರಗಳು ಎಲ್ಲವೂ ಪ್ರಕಟವಾದವು. ರೋಗ ಎಲ್ಲಿಂದ ತಗುಲಿತು, ಜೊತೆಗಿದ್ದ ಆನೆಗಳನ್ನು ಪರೀಕ್ಷಿಸಿದರೇ, ಅದರ ಬೆನ್ನ ಮೇಲೆ ಕುಳಿತವರನ್ನು, ಬಾಯಿಗೆ ತುತ್ತಿಟ್ಟವರನ್ನು ಪರೀಕ್ಷಿಸಿದರೇ ಎಂಬುದು ಮಾತ್ರ ನಾನು ಓದಿದ ಯಾವ ವರದಿಯಲ್ಲಿಯೂ ಇರಲಿಲ್ಲ. ಮನುಷ್ಯನೊಬ್ಬನಿಗೆ ಕ್ಷಯ ಎಂದು ಗೊತ್ತಾದ ದಿನವೇ ಆರೋಗ್ಯ ಇಲಾಖೆಯವರು ಮೊದಲು ಕೇಳುವ ಪ್ರಶ್ನೆಗಳು ಇವೇ.

ಸಾಕಿದ ಏಷ್ಯಾ ಆನೆಗಳಲ್ಲಿ ಕಾಣಿಸಿಕೊಳ್ಳುವ ಕ್ಷಯ ಬಹುಪಾಲು ಮನುಷ್ಯರ ಕ್ಷಯವೇ. ಹಸುಗಳ ಕ್ಷಯ ತರುವ ಬ್ಯಾಕ್ಟೀರಿಯಾ ಅವುಗಳಲ್ಲಿ ಅಪರೂಪ. ಎಂದರೆ ರೋಗ ಮೊದಲು ಹೊರಟದ್ದು ನಮ್ಮಿಂದ. ಹಾಗೆ ಪಡೆದ ಆನೆ ಅದನ್ನು ಇನ್ನೊಂದು ಆನೆಗೂ, ತನ್ನ ಜೊತೆಗಿರುವ ಮನುಷ್ಯನಿಗೂ ಹಿಂದಿರುಗಿಸಬಲ್ಲದು. 1996ರಲ್ಲಿ ಅಮೆರಿಕದಲ್ಲಿ ಸರ್ಕಸ್ ಆನೆಗಳು ಕ್ಷಯದಿಂದ ಸತ್ತಾಗ ಅವುಗಳನ್ನು ನೋಡಿಕೊಳ್ಳುತ್ತಿದ್ದವರನ್ನೂ ಪರೀಕ್ಷಿಸಿದರು. ಸೋಂಕು ತಗುಲಿದವರು ಅವರಲ್ಲಿಯೂ ಇದ್ದರು. ನೇಪಾಳ ನಮಗಿಂತ ಶ್ರೀಮಂತ ದೇಶವೇನಲ್ಲ. ಅಲ್ಲಿ 2011ರಲ್ಲಿಯೇ ಆನೆಗಳ ಕ್ಷಯ ನಿಯಂತ್ರಣಕ್ಕೆಂದು ಪ್ರತ್ಯೇಕ ಕ್ರಿಯಾಯೋಜನೆ ಮಾಡಿಕೊಂಡರು. ರೋಗವಿರುವ ಆನೆಯನ್ನು ಬೇರೆ ಕಟ್ಟಿ, ಮನುಷ್ಯರಿಗೆ ಕೊಡುವ ಔಷಧವನ್ನೇ ಕೊಟ್ಟರು.

ನಮ್ಮ ಶಿಬಿರಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ದುಬಾರೆ, ಮತ್ತಿಗೋಡು, ಸಕ್ರೆಬೈಲು ಮುಂತಾದೆಡೆ ಆನೆಗಳು ನಗರದ ಕತ್ತಲೆ ಕೊಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಕೆಲಸ ಮುಗಿದ ಮೇಲೆ ಕಾಲಿಗೆ ಸರಪಳಿ ಹಾಕಿ ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಮಾವುತನ ಸಹಾಯಕನಾದ ಕಾವಾಡಿ ಸರಪಳಿ ಎಳೆದ ಜಾಡು ಹಿಡಿದು ಹೋಗಿ ಕರೆತರುತ್ತಾನೆ. ಗಾಳಿ ಬೆಳಕು ಇರುವಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದರೆ ಇದೇ ಪದ್ಧತಿಗೆ ಇನ್ನೊಂದು ಮುಖವೂ ಇದೆ. ರಾತ್ರಿ ಕಾಡಿಗೆ ಹೋದ ಶಿಬಿರದ ಆನೆ ಅಲ್ಲಿ ಕಾಡಾನೆಗಳ ಜೊತೆ ಬೆರೆಯುತ್ತದೆ. ದಕ್ಷಿಣ ಭಾರತದ ಮೂರು ಕಾಡಾನೆಗಳ ದೇಹದಲ್ಲಿ ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾ ದೃಢಪಟ್ಟದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ಅಳಿವಿನಂಚಿನ ಪಟ್ಟಿಯಲ್ಲಿರುವ ಪ್ರಾಣಿ ಇದು. 2023ರ ಗಣತಿಯಂತೆ 6,395 ಆನೆಗಳಿರುವ, ದೇಶದಲ್ಲಿಯೇ ಅತಿ ಹೆಚ್ಚು ಕಾಡಾನೆಗಳ ರಾಜ್ಯ ನಮ್ಮದು ಎಂದು ಬೀಗುವವರು ಈ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಕು.

ಶಿಬಿರವೊಂದರ ಕಾವಾಡಿ ನಮ್ಮಲ್ಲಿಗೆ ಕಫ ತಂದಿದ್ದ. ಸಣ್ಣ ವಯಸ್ಸು, ಜೇನುಕುರುಬರ ಹುಡುಗ. ಗಾಜಿನ ತುಂಬ ಬ್ಯಾಕ್ಟೀರಿಯಾ. ನಮ್ಮ ಲೆಕ್ಕದಲ್ಲಿ ಮೂರು ಪ್ಲಸ್, ಅಂದರೆ ಅತಿ ಹೆಚ್ಚಿನ ಮಟ್ಟ. ಸಂಪರ್ಕದಲ್ಲಿರುವವರ ಪಟ್ಟಿ ಬರೆಯುತ್ತಿದ್ದ ಸಹೋದ್ಯೋಗಿ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಹೆಂಡತಿ, ಎರಡು ಮಕ್ಕಳು, ಅತ್ತೆ ಎಂದು ಹೇಳಿ, ಸ್ವಲ್ಪ ತಡೆದು, "ಆನೆಯನ್ನು ಬರೆಯುವುದಿಲ್ಲವೇ ಅಮ್ಮ? ಹಗಲೆಲ್ಲ ಅದರ ಜೊತೆಗೇ ಇರುತ್ತೇನೆ" ಎಂದ. ಕೋಣೆಯಲ್ಲಿದ್ದವರು ನಕ್ಕರು. ಆ ದಿನ ಅಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ನಮೂನೆಯಲ್ಲಿ ಆನೆಗೆ ಕಾಲಂ ಇರಲಿಲ್ಲ. ಹೆಂಡತಿ ಮಕ್ಕಳನ್ನು ಪರೀಕ್ಷಿಸಿದರು, ಮಕ್ಕಳಿಗೆ ರೋಗ ಬಾರದಂತೆ ಐಸೋನಿಯಾಜಿಡ್ ಮಾತ್ರೆ ಕೊಟ್ಟರು. ಆನೆಯ ವಿಚಾರ ಪಶುವೈದ್ಯರದ್ದು, ಅದು ಬೇರೆ ಇಲಾಖೆ.

ಇದೇ ನನ್ನ ದೂರು. ಕಾವಾಡಿ ಆರೋಗ್ಯ ಇಲಾಖೆಯ ಕಡತದಲ್ಲಿದ್ದಾನೆ, ಆನೆ ಅರಣ್ಯ ಇಲಾಖೆಯ ಕಡತದಲ್ಲಿದೆ. ಇಬ್ಬರೂ ಇಡೀ ದಿನ ಒಂದೇ ಗಾಳಿ ಉಸಿರಾಡುತ್ತಾರೆ. ಕಡತಗಳು ಮಾತ್ರ ಎಂದೂ ಒಂದೇ ಮೇಜಿನ ಮೇಲೆ ಸೇರುವುದಿಲ್ಲ.

ಆನೆಯಲ್ಲಿ ಕ್ಷಯ ಹಿಡಿಯುವುದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಅದು ಕೆಮ್ಮಿ ಡಬ್ಬಿಗೆ ಕಫ ಉಗುಳಿಕೊಡುವುದಿಲ್ಲ. ದೊಡ್ಡ ಆನೆಯ ಎದೆಯ ಎಕ್ಸ್-ರೇ ತೆಗೆಯಲಾಗದು. ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣಿಸುತ್ತದೆ. ಮೈ ಇಳಿದು, ಮೇವು ಬಿಡುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ಎಷ್ಟೋ ಆನೆಗಳಲ್ಲಿ ಗೊತ್ತಾಗುವುದು ಮರಣೋತ್ತರ ಪರೀಕ್ಷೆಯಲ್ಲಿಯೇ. ಅದಕ್ಕೆಂದೇ ಸೊಂಡಿಲು ತೊಳೆದು ಪರೀಕ್ಷಿಸುವ ವಿಧಾನವಿದೆ. ಶುದ್ಧವಾದ ಉಪ್ಪುನೀರನ್ನು ಸೊಂಡಿಲಿನ ಹೊಳ್ಳೆಗೆ ಬಿಟ್ಟು, ಸೊಂಡಿಲು ಮೇಲೆತ್ತಿಸಿ, ಆಮೇಲೆ ಪ್ಲಾಸ್ಟಿಕ್ ಚೀಲದೊಳಕ್ಕೆ ಜೋರಾಗಿ ಊದಿಸಬೇಕು. ಬೇರೆ ಬೇರೆ ದಿನ ಮೂರು ಸಲ ಹೀಗೆ ಮಾಡಬೇಕು, ಏಕೆಂದರೆ ರೋಗವಿರುವ ಆನೆಯೂ ದಿನವೂ ಬ್ಯಾಕ್ಟೀರಿಯಾ ಹೊರಹಾಕುವುದಿಲ್ಲ. ಆ ನೀರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಗೆ ಎಂಟು ವಾರದವರೆಗೆ ಕಾಯಬೇಕು. ರಕ್ತದ ಪರೀಕ್ಷೆ ಬೇಗ ಮುಗಿಯುತ್ತದೆ, ಆದರೆ ಅದರಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ರೋಗವಿದೆ ಎಂದಾಗದು. ಎರಡನ್ನೂ ಜೊತೆಗಿಟ್ಟು ಓದಬೇಕು. ಚೀಲ ಹಿಡಿಯುವವರು ಬಟ್ಟೆಯ ಮಾಸ್ಕ್ ಹಾಕಿದರೆ ಸಾಲದು, ಎನ್-95 ಬೇಕು. ಆನೆಯ ಒಂದು ಊದು ಎಂದರೆ ನಮ್ಮ ಕೆಮ್ಮಿನಂತಲ್ಲ. ಚಾಮುಂಡೇಶ್ವರಿಯ ಮುಂದೆ ಸೊಂಡಿಲೆತ್ತಿ ನಮಸ್ಕರಿಸಲು, ಕುಶಾಲತೋಪಿನ ಸದ್ದಿಗೆ ಬೆದರದೆ ನಿಲ್ಲಲು ಕಲಿಸಿದ ಮಾವುತರಿಗೆ, ಆನೆಗೆ ಚೀಲಕ್ಕೆ ಊದುವುದನ್ನು ಕಲಿಸಲು ಎಷ್ಟು ದಿನ ಬೇಕು?

ಚಿಕಿತ್ಸೆಯ ಬಗ್ಗೆಯೂ ಒಂದು ಮಾತು. ಅರವತ್ತು ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 300 ಮಿಲಿಗ್ರಾಂ ಐಸೋನಿಯಾಜಿಡ್, ಒಂದು ಮಾತ್ರೆ. ಅದೇ ಲೆಕ್ಕದಲ್ಲಿ ನಾಲ್ಕು ಸಾವಿರ ಕಿಲೋ ಆನೆಗೆ ಅರವತ್ತೇಳು ಮಾತ್ರೆ. ಇದರ ಜೊತೆಗೆ ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಸುಮಾರು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ. ಬೆಲ್ಲದಲ್ಲಿ ಅಡಗಿಸಿಟ್ಟ ಕಹಿಯನ್ನು ಆನೆ ಪತ್ತೆ ಮಾಡಿ ಉಗುಳುತ್ತದೆ. ಆದ್ದರಿಂದ ಕೆಲವು ಔಷಧಗಳನ್ನು ಗುದದ್ವಾರದ ಮೂಲಕ ಕೊಡುವುದೂ ಉಂಟು. ಔಷಧ ಅರ್ಧಕ್ಕೆ ನಿಂತರೆ ಮದ್ದಿಗೆ ಬಗ್ಗದ ಕ್ಷಯ ಹುಟ್ಟುತ್ತದೆ, ಮನುಷ್ಯರಲ್ಲಿ ನಾವು ಕಂಡದ್ದೂ ಇದನ್ನೇ. ಪಟ್ಟಿಯಲ್ಲಿ ಹೆಮ್ಮೆಯಿಂದ ಅಚ್ಚಾಗುವ ಆ ತೂಕಕ್ಕೆ ನಿಜವಾದ ಉಪಯೋಗವಿರುವುದು ಔಷಧದ ಪ್ರಮಾಣ ಕಟ್ಟುವುದರಲ್ಲಿ.

ಹಾಗಾದರೆ ಏನು ಮಾಡಬೇಕು? ಹೊಸ ಸಮಿತಿ, ಹೊಸ ಕಟ್ಟಡ ಯಾವುದೂ ಬೇಡ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟ ಮೇಲೆ ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು ಜಂಬೂಸವಾರಿ ಮುಗಿಯುವವರೆಗೆ ಅರಮನೆ ಅಂಗಳದ ಶೆಡ್ಡುಗಳಲ್ಲಿ ಒಟ್ಟಿಗೇ ಇರುತ್ತಾರೆ. ಮಕ್ಕಳಿಗೆ ಅಲ್ಲಿಯೇ ಟೆಂಟ್ ಶಾಲೆ ನಡೆಯುತ್ತದೆ. ಉಳಿದ ದಿನಗಳಲ್ಲಿ ಈ ಜನರನ್ನು ಹುಡುಕಿಕೊಂಡು ಕಾಡಂಚಿನ ಬುಡಕಟ್ಟು ಹಾಡಿಯಿಂದ ಹಾಡಿಗೆ ಅಲೆಯಬೇಕು. ಆಗ ಮಾತ್ರ ಎಲ್ಲರೂ ಒಂದೇ ಕಡೆ, ಅದೂ ವೈದ್ಯಕೀಯ ಕಾಲೇಜಿರುವ ನಗರದ ನಡುವೆ ಸಿಗುತ್ತಾರೆ. ಕ್ಷಯದ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಗುರುತಿಸುವ ಸಿಬಿನ್ಯಾಟ್ ಯಂತ್ರದಲ್ಲಿ ಕಫದ ಫಲಿತಾಂಶ ಎರಡು ಗಂಟೆಯಲ್ಲಿ ಬರುತ್ತದೆ, ರೋಗ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಇಲ್ಲವೇ ಎಂಬುದೂ ಅದರಲ್ಲಿಯೇ ತಿಳಿಯುತ್ತದೆ. ಅವರೆಲ್ಲರ ಪರೀಕ್ಷೆ ಆಗಲಿ. ಆನೆಗಳ ಸೊಂಡಿಲಿನ ಮಾದರಿಯನ್ನು ಮಾತ್ರ ಶಿಬಿರದಿಂದ ಹೊರಡುವ ಎರಡು ತಿಂಗಳು ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಫಲಿತಾಂಶ ಬರುವ ಹೊತ್ತಿಗೆ ಮೆರವಣಿಗೆ ಮುಗಿದಿರುತ್ತದೆ. ಇದೆಲ್ಲ ಈಗಾಗಲೇ ನಡೆಯುತ್ತಿದೆ ಎನ್ನುವುದಾದರೆ ಬಹಳ ಸಂತೋಷ. ವರದಿಯನ್ನು ಪ್ರಕಟಿಸಲಿ, ನಾನೂ ಸುಮ್ಮನಾಗುತ್ತೇನೆ.

ಶಿಬಿರಗಳಲ್ಲಿ ಪ್ರವಾಸಿಗರು ಆನೆಗೆ ಮೈ ತಿಕ್ಕುವುದು, ಸೊಂಡಿಲನ್ನು ಕೆನ್ನೆಗೊತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವುದು, ದೇವಸ್ಥಾನಗಳಲ್ಲಿ ದಿನಕ್ಕೆ ನೂರಾರು ತಲೆಗಳ ಮೇಲೆ ಅದೇ ಸೊಂಡಿಲು ಇಡಿಸುವುದು ಇವೂ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. ಭಕ್ತರು ಬೈಯಬಹುದು. ವರ್ಷಕ್ಕೆ ಇಪ್ಪತ್ತೈದು ಲಕ್ಷದಷ್ಟು ಕ್ಷಯರೋಗಿಗಳು ನೋಂದಣಿಯಾಗುವ ದೇಶದಲ್ಲಿ ಆ ಸಾಲಿನಲ್ಲಿ ಕೆಮ್ಮುವವರು ಯಾರೂ ಇರುವುದಿಲ್ಲ ಎಂದು ನಂಬಲು ನನಗೆ ಆಗದು.

ಕೊನೆಯದಾಗಿ, ಇದನ್ನು ಓದಿದ ಅಧಿಕಾರಿಯೊಬ್ಬರು ನಾಳೆಯೇ ಆದೇಶ ಹೊರಡಿಸಿ, ಕೆಮ್ಮುವ ಕಾವಾಡಿಗಳನ್ನೆಲ್ಲ ಕೆಲಸದಿಂದ ತೆಗೆದುಬಿಟ್ಟಾರು ಎಂಬ ಭಯ ನನಗಿದೆ. ಹಾಗಾದರೆ ಆಮೇಲೆ ಒಬ್ಬನೂ ಪರೀಕ್ಷೆಗೆ ಬರುವುದಿಲ್ಲ. ಕೆಮ್ಮನ್ನು ಮುಚ್ಚಿಟ್ಟುಕೊಂಡು ಆನೆಯ ಮೇಲೆ ಕುಳಿತಿರುತ್ತಾನೆ. ಸರ್ಕಾರ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಕೊಡುವ ತಿಂಗಳ ಸಾವಿರ ರೂಪಾಯಿಯಲ್ಲಿ ಸಂಸಾರ ನಡೆಯುವುದಿಲ್ಲ. ರೋಗ ಪತ್ತೆಯಾದ ಕಾವಾಡಿಯನ್ನು ಸೋಂಕು ಹರಡದ ಹಂತಕ್ಕೆ ಬರುವವರೆಗೆ ಆನೆಯಿಂದ ದೂರವಿಡಬೇಕು, ಆ ಅವಧಿಯ ಕೂಲಿ ಪೂರ್ತಿ ಕೊಡಬೇಕು, ಗುಣವಾದ ಮೇಲೆ ಅದೇ ಆನೆಯ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಬೇಕು. ದಿನಗೂಲಿಯವರಿಗೂ ಇದು ಅನ್ವಯಿಸಬೇಕು. ಈ ಆದೇಶ ಲಿಖಿತವಾಗಿ ಮೊದಲು ಹೊರಡಲಿ, ಕಫದ ಡಬ್ಬಿಗಳು ಆಮೇಲೆ ಬರಲಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಹುಣಸೂರು ತಾಲ್ಲೂಕು