ಬುರ್ರಕಥಾ ಧ್ವನಿಮುದ್ರಣ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಜನಪದ ಗಾಯಕಿ ದರೋಜಿ ಈರಮ್ಮನವರು ಬೆಳಗಿಸಿದ, ವಾದ್ಯದೊಡನೆ ಹಾಡಿ ಕಥೆ ಹೇಳುವ ಬುರ್ರಕಥಾ ಪರಂಪರೆಯ ಹಾಡುಗಾರರನ್ನು ಬಳ್ಳಾರಿ ಸುತ್ತಲಿನ ಊರುಗಳಲ್ಲಿ ಕಂಡು ಧ್ವನಿ ಮುದ್ರಿಸುವಾಗ, ಅದೇ ಕಡತ ಕಾವ್ಯದ ಪಠ್ಯಕ್ಕೂ ಗಂಟಲಿನ ಆರೋಗ್ಯದ ಅಧ್ಯಯನಕ್ಕೂ ಆಧಾರವಾಗುತ್ತದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಬೇಕು. ವಾಟ್ಸಾಪ್ ಧ್ವನಿ ಸಂದೇಶದಲ್ಲಿ ದನಿಯ ಸೂಕ್ಷ್ಮ ಅಂಶಗಳು ಅಳಿಸಿಹೋಗುವುದರಿಂದ, ದನಿಯನ್ನು ಕುಗ್ಗಿಸದೆ ಉಳಿಸುವ ವೇವ್ (.wav) ಕಡತವನ್ನು ಡಾಕ್ಯುಮೆಂಟ್ ರೂಪದಲ್ಲೇ ಕಳುಹಿಸಬೇಕು. ಕಥೆಗೆ ಮುನ್ನ ಒಮ್ಮೆ, ಮುಗಿದ ಕೂಡಲೇ ಇನ್ನೊಮ್ಮೆ, ಬುರ್ರ ವಾದ್ಯವನ್ನು ಬದಿಗಿರಿಸಿ ‘ಆ’ ಸ್ವರವನ್ನು ಒಂದೇ ಉಸಿರಿನಲ್ಲಿ ಎಳೆಯುವಂತೆ ಹಾಡುಗಾರರನ್ನು ವಿನಂತಿಸಿಕೊಳ್ಳಿ. ಮೈಕು ಬಾಯಿಂದ ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ಹಾಡಿದ ಗಂಟಲಿನ ದಣಿವನ್ನು ಅಳೆಯಲು ಈ ಎರಡು ಸ್ವರಗಳ ಹೋಲಿಕೆ ಬಹಳ ಮುಖ್ಯ. ಮೂರು ವಾರ ಮೀರಿದರೂ ದನಿ ಒಡೆದೇ ಇರುವವರನ್ನು ಮೊದಲು ಇ.ಎನ್.ಟಿ. ವೈದ್ಯರಿಗೆ ತೋರಿಸಬೇಕು, ಮುದ್ರಣ ಆಮೇಲಿನದು. ಮನೆಮಾತು ತೆಲುಗಾಗಿರುವ ಕಲಾವಿದರಿಗೆ ಒಪ್ಪಿಗೆ ಪತ್ರವನ್ನು ತೆಲುಗಿನಲ್ಲೇ ಓದಿ ಹೇಳಿ, ಮುದ್ರಣದ ಒಂದು ಪ್ರತಿಯನ್ನು ಅವರ ಮನೆಗೇ ತಲುಪಿಸಿರಿ.