ಯೋಧರ ಪಾಲಿಸಿ: ‘ಸರ್ಕಾರಿ ನೌಕರಿ’ ಎಂದು ಬರೆದರೆ ಸಾಲದು

ಮಾನ್ಯರೇ,

ಹಾಸನ, ಅರಸೀಕೆರೆ, ಬೇಲೂರು ಕಡೆಯ ಹುಡುಗರು ಸೈನ್ಯದಿಂದ ರಜೆಗೆ ಬಂದರೆ ಸಾಕು, ಖಾಸಗಿ ವಿಮಾ ಕಂಪನಿಗಳ ಏಜೆಂಟರು ಮನೆ ಬಾಗಿಲಿಗೇ ಬರುತ್ತಾರೆ. ಪಾಲಿಸಿ ಬೇಡವೆಂದಲ್ಲ, ಬೇಕೇ ಬೇಕು. ಸೈನ್ಯದ ಗುಂಪು ವಿಮೆಯ ದೊಡ್ಡ ಮೊತ್ತ ಸೇವೆಯಲ್ಲಿರುವಷ್ಟು ದಿನ ಮಾತ್ರ. ನಿವೃತ್ತಿಯ ನಂತರ ವಿಸ್ತರಿತ ವಿಮೆ ಇದ್ದರೂ ಮೊತ್ತ ಅಷ್ಟಿರುವುದಿಲ್ಲ. ಅಗ್ನಿವೀರರ 48 ಲಕ್ಷ ರೂಪಾಯಿಯ ವಿಮೆಯಂತೂ ನಾಲ್ಕು ವರ್ಷ ಮುಗಿದು ಮನೆಗೆ ಬಂದ ದಿನ ಮುಗಿಯುತ್ತದೆ. ಹಾಗಾಗಿ 60 ವರ್ಷದವರೆಗೆ ನಡೆಯುವ ಟರ್ಮ್ ಪಾಲಿಸಿಯನ್ನು (ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ ವಿಮೆ) ಸೇವೆಯಲ್ಲಿದ್ದಾಗಲೇ ಮಾಡಿಸುವುದು ಜಾಣತನ.

ಎಡವಟ್ಟು ಆಗುವುದು ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ಪಾಲಿಸಿಗೆ ಹಾಕುವ ಅರ್ಜಿಯಲ್ಲಿ. ಏಜೆಂಟ್ ಟ್ಯಾಬ್ ಹಿಡಿದು ಹತ್ತು ನಿಮಿಷದಲ್ಲಿ ತುಂಬಿ, ಒಟಿಪಿ ಕೇಳಿ ಎದ್ದು ಹೋಗುತ್ತಾರೆ. ಉದ್ಯೋಗದ ಕಾಲಮಿನಲ್ಲಿ ‘ಸರ್ಕಾರಿ ನೌಕರ’ ಎಂದಿರುತ್ತದೆ. ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ‘ಸೈನಿಕ’ ಎಂದು ಬರೆದರೆ ಸಾಮಾನ್ಯವಾಗಿ ಇನ್ನೊಂದು ಪ್ರಶ್ನಾವಳಿ ತುಂಬಬೇಕಾಗುತ್ತದೆ: ಯಾವ ರ‍್ಯಾಂಕ್, ಯಾವ ವಿಭಾಗ, ಈಗಿನ ಪೋಸ್ಟಿಂಗ್ ಎಲ್ಲಿ, ಪ್ಯಾರಾಚೂಟ್ ಜಿಗಿತ, ವಿಮಾನ ಹಾರಾಟ, ಸಬ್‌ಮರೀನ್ ಅಥವಾ ಬಾಂಬ್ ನಿಷ್ಕ್ರಿಯ ಕೆಲಸವಿದೆಯೇ ಎಂದೆಲ್ಲ. ಫೈಲು ಪರಿಶೀಲನೆಗೆ ಹೋಗುತ್ತದೆ, ಪ್ರೀಮಿಯಂ ಕೊಂಚ ಏರಬಹುದು, ಏಜೆಂಟರ ತಿಂಗಳ ಟಾರ್ಗೆಟ್ ತಪ್ಪಬಹುದು. ಆದರೆ ವಿಷಯ ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕಾರವಾಗಬಹುದು. ಅವರ ಅವಸರಕ್ಕೆ ನಮ್ಮವರು ಬೆಲೆ ತೆರುವುದು ಬೇಡ. ಲೋ ಮೆಡಿಕಲ್ ಕೆಟಗರಿಯಲ್ಲಿದ್ದರೆ (ಆರೋಗ್ಯದ ಕಾರಣಕ್ಕೆ ಸೈನ್ಯ ಕೊಡುವ ಕೆಳದರ್ಜೆ), ಎತ್ತರದ ಪೋಸ್ಟಿಂಗಿನಲ್ಲಿ ಬಿ.ಪಿ. ಬಂದು ಚಿಕಿತ್ಸೆ ಪಡೆದಿದ್ದರೆ, ಅದನ್ನೂ ಬರೆಸಬೇಕು. ಸೈನ್ಯದ ವೈದ್ಯಕೀಯ ದಾಖಲೆ ಹೊರಗಿನವರಿಗೆ ಸಿಗುವುದಿಲ್ಲ ಎಂಬ ನಂಬಿಕೆ ಬೇಡ. ಕ್ಲೇಮ್ ಬಂದಾಗ ಕಂಪನಿ ಅದನ್ನು ಕುಟುಂಬದವರಿಂದಲೇ ಕೇಳಬಹುದು.

1938ರ ವಿಮಾ ಕಾಯ್ದೆಯ 45ನೇ ಕಲಮಿನಂತೆ ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆಗಿ (ನಿಂತುಹೋಗಿ) ಮತ್ತೆ ರಿವೈವ್ ಮಾಡಿಸಿದರೆ ಆ ದಿನದಿಂದ ಮೂರು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರು. ಯೋಧರ ಪಾಲಿಸಿ ಲ್ಯಾಪ್ಸ್ ಆಗುವುದಕ್ಕೆ ದುಡ್ಡಿಲ್ಲದಿರುವುದೇ ಕಾರಣವಾಗಬೇಕಿಲ್ಲ. ಡಿಸ್ಚಾರ್ಜ್ ಆಗಿ ಸಂಬಳದ ಖಾತೆ ಬದಲಾದರೆ ಹಳೆಯ ಆಟೊ ಡೆಬಿಟ್ ನಿಲ್ಲುತ್ತದೆ. ಮೆಸೇಜು ಸಿಗ್ನಲ್ ಇಲ್ಲದ ಪೋಸ್ಟಿನಲ್ಲಿರುವ ಫೋನಿಗೆ ಹೋಗುತ್ತದೆ. ತಿಂಗಳ ಕಂತಿಗೆ 15 ದಿನ ಮಾತ್ರ ಗಡುವು, ವಾರ್ಷಿಕ ಕಂತಿಗೆ 30 ದಿನ. ಆದ್ದರಿಂದ ವಾರ್ಷಿಕ ಕಂತೇ ಲೇಸು. ಎರಡನೇ ಫೋನ್ ನಂಬರಾಗಿ ಹೆಂಡತಿಯದನ್ನು ಕೊಡಿ.

ಅಪಘಾತ ರೈಡರ್, ಅಂದರೆ ಹೆಚ್ಚುವರಿ ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಅಪಘಾತ ರಕ್ಷಣೆಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಬಹುತೇಕ ರೈಡರುಗಳ ಷರತ್ತಿನಲ್ಲಿ ಯುದ್ಧ, ಸೇನಾ ಕಾರ್ಯಾಚರಣೆ, ಟಿಕೆಟ್ ಪಡೆದ ಪ್ರಯಾಣಿಕರಾಗಿ ಅಲ್ಲದ ವಿಮಾನಯಾನ ಇವೆಲ್ಲ ಹೊರಗೆ. ಯೋಧನಿಗೆ ಬರಬಹುದಾದ ಅಪಾಯವನ್ನೇ ಬಿಟ್ಟ ರೈಡರ್ ಯಾರಿಗೆ? ಆ ಹಣದಲ್ಲಿ ಮೂಲ ಮೊತ್ತವನ್ನೇ ಹೆಚ್ಚಿಸಿಕೊಳ್ಳಿ. ಮೂಲ ಪಾಲಿಸಿಯಲ್ಲೂ ‘ಯುದ್ಧದ ಹೊರತು’ ಎಂಬ ಸಾಲು ಇದೆಯೇ ಎಂದು ಬಾಂಡಿನಲ್ಲಿ (ಕಂಪನಿ ಕಳಿಸುವ ಪಾಲಿಸಿ ಪತ್ರದಲ್ಲಿ) ಹುಡುಕಿ. ಬಾಂಡ್ ಕೈಸೇರಿ 30 ದಿನದೊಳಗಾದರೆ ವಾಪಸು ಮಾಡಬಹುದು. ತುಂಬಿದ ಫಾರ್ಮಿನ ಪ್ರತಿಯೂ ಅದರೊಂದಿಗೇ ಬರುತ್ತದೆ, ಉದ್ಯೋಗದ ಕಾಲಮನ್ನು ಮೊದಲು ನೋಡಿ. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ. ಯಾರಾದರೂ ಶೇ 18 ಸೇರಿಸಿದ ಹಳೆಯ ಚೀಟಿ ತೋರಿಸಿದರೆ ಒಪ್ಪಬೇಡಿ.

ನಾಮಿನಿಯದು ಬೇರೆಯದೇ ಗೋಳು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದ್ದು ಮದುವೆಯಾದ ಮೇಲೂ ಹಾಗೆಯೇ ಉಳಿಯುತ್ತದೆ. ಯೂನಿಟ್ಟಿನಲ್ಲಿ ಪಾರ್ಟ್ ಟೂ ಆರ್ಡರ್ (ಮದುವೆಯಂಥ ಬದಲಾವಣೆಯನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ) ಆದ ಮಾತ್ರಕ್ಕೆ ಖಾಸಗಿ ಪಾಲಿಸಿಯಲ್ಲಿ ಹೆಸರು ಬದಲಾಗದು, ಕಂಪನಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ನಮ್ಮ ಕಡೆ ಇನಿಷಿಯಲ್‌ನ ತೊಡಕೂ ಇದೆ: ಆಧಾರ್‌ನಲ್ಲಿ ‘ಸುಮ ಕೆ.ಎಂ.’, ಸೈನ್ಯದ ದಾಖಲೆಯಲ್ಲಿ ‘ಸುಮಾವತಿ’, ಪಾಸ್‌ಬುಕ್‌ನಲ್ಲಿ ‘ಸುಮಾ’. ಮೂರೂ ಒಬ್ಬರೇ ಎಂದು ಸಾಬೀತುಪಡಿಸುವ ಅಫಿಡವಿಟ್‌ಗೆ ದುಃಖದ ಮನೆಯವರು ಓಡಾಡಬೇಕಾಗುತ್ತದೆ. ರಜೆಯಲ್ಲಿದ್ದಾಗಲೇ ಸರಿಮಾಡಿಸಿ. ಮೂಲ ಬಾಂಡ್ ಯೂನಿಟ್ಟಿನ ಟ್ರಂಕಿನಲ್ಲಿರದೆ ಮನೆಯಲ್ಲಿರಲಿ. ನಾಮಿನಿ ಅಪ್ರಾಪ್ತ ಮಗುವಾದರೆ ಹಣ ಪಡೆಯಲು ಹಿರಿಯರೊಬ್ಬರ ಹೆಸರು ಸೇರಿಸಬೇಕು.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿಗೆ) ಬರೆಯಬಹುದು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹಾಸನದ ಸೈನಿಕ ಕಲ್ಯಾಣ ಕಚೇರಿಯವರಲ್ಲಿ ಒಂದು ವಿನಂತಿ. ರಜೆಗೆ ಬಂದವರು ಸಹಿ ಹಾಕುವ ಮುನ್ನ ಪ್ರಪೋಸಲ್ ಫಾರ್ಮನ್ನು ಬಲ್ಲವರಿಂದ ಓದಿಸಿಕೊಳ್ಳಲು ವಾರಕ್ಕೊಂದು ಬೆಳಿಗ್ಗೆ ಒಂದು ಮೇಜು, ಎರಡು ಕುರ್ಚಿ ಗೊತ್ತುಮಾಡಿ ಕೊಡಲಿ.

— ಒಬ್ಬ ವಿಮಾ ಸಲಹೆಗಾರ, ಹಾಸನ